ತರಗೆಲೆಯ ಹಲ್ಲಿಯನ್ನು ಗುರುತು ಹಿಡಿಯುವ ಬಗೆ: ಕಕ್ಕಬ್ಬೆ ಕಡೆಯ ರೈಟರ್ ಒಬ್ಬರ ಟಿಪ್ಪಣಿ

ಹಲ್ಲಿ ಕಂಡರೆ ಮೊದಲು ಬೆರಳು ನೋಡಿ. ಬಣ್ಣ, ಪಟ್ಟೆ, ಚುಕ್ಕೆ ಎಲ್ಲ ಆಮೇಲೆ. ಆದರೆ ನನ್ನ ವಾಟ್ಸಾಪಿಗೆ ಬರುವ ಫೋಟೋಗಳಲ್ಲಿ ಬೆರಳೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಬೆನ್ನ ಮೇಲಿನ ಪಟ್ಟೆ ಫಳಫಳ ಹೊಳೆಯುತ್ತಿರುತ್ತದೆ, ಕಾಲು ಮಾತ್ರ ಎಲೆಯಡಿ. ಕೆಳಗೆ ಒಂದು ಸಾಲು: "ರೈಟರೇ, ಇದು ಅಪರೂಪದ್ದಾ?" ಬೆನ್ನು ನೋಡಿ ಅದನ್ನು ಹೇಳಲು ಬರುವುದಿಲ್ಲ.

ನಾನು ಕೊಡಗಿನ ಕಕ್ಕಬ್ಬೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಬೆಳಿಗ್ಗೆ ಹಾಜರಿ, ಮಧ್ಯಾಹ್ನ ಗೊಬ್ಬರದ ಲೆಕ್ಕ, ಕೊಯ್ಲಿನ ಕಾಲದಲ್ಲಿ ತೂಕದ ತಕ್ಕಡಿಯ ಪಕ್ಕ ನಿಲ್ಲುವುದು. ಹಲ್ಲಿಯ ಹುಚ್ಚು ಹಳೆಯದು. ಮನೆಯಲ್ಲಿ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ, ತೋಟದ ವಾಚರ್ ಅಂತೂ "ಇಷ್ಟು ಹುಡುಕುತ್ತೀರಲ್ಲ ರೈಟರೇ, ಸಾರಿಗೆ ಹಾಕುತ್ತೀರಾ?" ಎಂದು ಇವತ್ತಿಗೂ ಕೇಳುತ್ತಾನೆ. ನಾನು ಹುಡುಕುವುದು ಮುಖ್ಯವಾಗಿ ಒಂದೇ ಹಲ್ಲಿಯನ್ನು. ಗೋಡೆ ಹತ್ತದ, ಲೈಟಿನ ಹತ್ತಿರ ಸುಳಿಯದ, ಕಾಡಿನ ತರಗೆಲೆಯಲ್ಲೇ ಬದುಕು ಮುಗಿಸುವ ನೆಲದ ಹಲ್ಲಿ. ವಿಜ್ಞಾನದ ಹೆಸರು ಸಿರ್ಟೊಡ್ಯಾಕ್ಟೈಲಸ್ ಆಲ್ಬೊಫ್ಯಾಸಿಯೇಟಸ್. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಬೌಲೆಂಜರ್ 1885ರಲ್ಲಿ ಇದನ್ನು ವಿವರಿಸಿದ್ದು ನಮ್ಮ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಹೋದ ಮಾದರಿಯ ಮೇಲೆ.

ಬೆರಳಿನಿಂದ ಶುರು

ಮನೆಯ ಗೋಡೆಯ ಮೇಲಿನ ಹಲ್ಲಿಯನ್ನು ಕಿಟಕಿ ಗಾಜಿನ ಆಚೆಯಿಂದ ನೋಡಿ. ಇದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ, ಅಡುಗೆಮನೆಯ ಕಿಟಕಿ ಸಾಕು. ಪ್ರತಿ ಬೆರಳಿನ ಅಡಿಯೂ ಅಗಲವಾಗಿ ಹರಡಿಕೊಂಡಿರುತ್ತದೆ. ಆ ಮೆತ್ತೆಯ ಮೇಲೆ ಅಡ್ಡಕ್ಕೆ ಸಾಲು ಸಾಲು ಪಟ್ಟಿಗಳು, ಬಹುಪಾಲು ಪಟ್ಟಿಗಳು ನಡುವೆ ಸೀಳಿ ಎರಡಾಗಿರುತ್ತವೆ. ಈ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಟೋಕೆ ಎಂಬ ದೊಡ್ಡ ಹಲ್ಲಿಯಲ್ಲಿ ಒಂದೊಂದು ಪಾದಕ್ಕೆ ಸುಮಾರು 5 ಲಕ್ಷ ಎಂದು ಲೆಕ್ಕ ಹಾಕಿದ್ದಾರೆ. ಪ್ರತಿ ರೋಮದ ತುದಿ ಮತ್ತೆ ನೂರಾರು ಕವಲು. ಅಂಟು ಇಲ್ಲ, ಗಾಳಿ ಹೀರಿ ಹಿಡಿಯುವುದೂ ಇಲ್ಲ. ಆ ತುದಿಗಳಿಗೂ ಗೋಡೆಗೂ ನಡುವೆ ಅಣುಗಳ ಮಟ್ಟದಲ್ಲಿರುವ ಸೆಳೆತವೇ ಹಲ್ಲಿಯನ್ನು ಸೂರಿಗೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಮೆತ್ತೆ ಇದ್ದು ಪಟ್ಟಿ ಸೀಳಿದ್ದರೆ ಅದು ಹೆಮಿಡ್ಯಾಕ್ಟೈಲಸ್ ಕುಲ. ಕೊಡಗಿನ ಮನೆ, ಕಣದ ಗೋದಾಮು, ಕಾರ್ಮಿಕರ ಲೈನ್‌ಮನೆಗಳಲ್ಲಿ ಲೊಚಗುಟ್ಟುವುದು ಬಹುತೇಕ ಇದೇ ಕುಲದ್ದು.

ಮೆತ್ತೆಯೇ ಇಲ್ಲದೆ ಬೆರಳು ಸಪೂರವಾಗಿ, ಗೆಣ್ಣಿನ ಹತ್ತಿರ ಸೊಟ್ಟಗೆ ಬಾಗಿ, ತುದಿಗೆ ಬರಿ ಉಗುರು ಇದ್ದರೆ ಕಿವಿ ನಿಮಿರಿಸಿ. ನಮ್ಮ ಕಡೆ ಅಂಥ ಹಲ್ಲಿಗಳ ಎರಡು ಕುಲಗಳಿವೆ: ನಿಮೇಸ್ಪಿಸ್, ಮತ್ತು ನಾನು ಹುಡುಕುವ ಸಿರ್ಟೊಡ್ಯಾಕ್ಟೈಲಸ್.

ಪಕ್ಕದ ವಯನಾಡಿನಲ್ಲಿ ಇನ್ನೊಂದು ತರದ್ದಿದೆ, ಡ್ರವಿಡೊಗೆಕ್ಕೊ. ಇದಕ್ಕೆ ಮೆತ್ತೆ ಇದೆ, ಆದರೆ ಪಟ್ಟಿಗಳು ಸೀಳಿಲ್ಲ, ಇಡಿಯಾಗಿವೆ. ಈ ಒಂದು ಗುರುತನ್ನು ಹಗುರವಾಗಿ ಎಣಿಸಿ ಬಹಳ ಕಾಲ ಇದನ್ನು ಹೆಮಿಡ್ಯಾಕ್ಟೈಲಸ್‌ನೊಳಗೇ ಸೇರಿಸಿಟ್ಟಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2013ರಲ್ಲಿ ಡಿಎನ್ಎ ನೋಡಿ, ಇದು ಆ ಗುಂಪಿನದೇ ಅಲ್ಲ, ಬಹಳ ಹಿಂದೆಯೇ ಕವಲೊಡೆದ ಬೇರೆ ಮನೆತನ ಎಂದು ತೋರಿಸಿದರು. 2019ರಲ್ಲಿ ಒಂದೇ ಪ್ರಭೇದ ಎಂದುಕೊಂಡಿದ್ದರಿಂದ ಆರು ಹೊಸ ಪ್ರಭೇದಗಳು ಹೊರಬಂದವು. ಬೆರಳಿನ ಅಡಿ ನೋಡಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಆಮೇಲೆ ಕಣ್ಣು

ಹಲ್ಲಿಗೆ ರೆಪ್ಪೆ ಇಲ್ಲ. ಕನಿಷ್ಠ ಕೊಡಗಿನಲ್ಲಿ ಸಿಗುವ ಯಾವ ಹಲ್ಲಿಗೂ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕ ಪೊರೆ ಇರುತ್ತದೆ, ಧೂಳು ಕೂತರೆ ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತದೆ. ನಮಗೆ ಬೇಕಾದ್ದು ಪಾಪೆ. ನಿಮೇಸ್ಪಿಸ್ ಹೆಚ್ಚಾಗಿ ಹಗಲಲ್ಲಿ ಓಡಾಡುವ ಜಾತಿ, ಅದರ ಪಾಪೆ ದುಂಡಗೆ. ಸಿರ್ಟೊಡ್ಯಾಕ್ಟೈಲಸ್ ರಾತ್ರಿಯದು, ಅದರ ಪಾಪೆ ಬೆಕ್ಕಿನದರ ಹಾಗೆ ಮೇಲಿನಿಂದ ಕೆಳಕ್ಕೆ ಸೀಳಿದ ಗೆರೆ.

ಇಲ್ಲೊಂದು ಕಿತಾಪತಿ ಇದೆ. ಕತ್ತಲಲ್ಲಿ ಆ ಸೀಳು ಪೂರಾ ತೆರೆದು ದುಂಡಗೇ ಕಾಣುತ್ತದೆ. ಟಾರ್ಚ್ ಹಾಕಿದ ಕೂಡಲೇ ಫೋಟೋ ಹೊಡೆದು "ಪಾಪೆ ದುಂಡಗಿದೆ, ನಿಮೇಸ್ಪಿಸ್" ಎಂದು ತೀರ್ಮಾನಿಸಿಬಿಡುವವರು ಬಹಳ. ಬೆಳಕನ್ನು ನೇರವಾಗಿ ಕಣ್ಣಿಗೆ ಬಿಡಬೇಡಿ. ಪಕ್ಕಕ್ಕೆ, ನೆಲಕ್ಕೆ ಹಿಡಿದು ಸ್ವಲ್ಪ ತಡೆಯಿರಿ. ನೋಡುತ್ತಿದ್ದ ಹಾಗೇ ಪಾಪೆಯ ಎರಡು ಬದಿ ಹತ್ತಿರ ಸರಿಯುತ್ತದೆ, ನಡುವೆ ಅಂಕುಡೊಂಕಿನ ಅಂಚಿನ ಕಪ್ಪು ಗೆರೆ ಉಳಿಯುತ್ತದೆ, ಸುತ್ತ ಕಂದುಹಳದಿ ಪರದೆಯ ಮೇಲೆ ಸಣ್ಣ ನರಗಳು ಮೂಡುತ್ತವೆ. ಕ್ಯಾಮೆರಾ ಆಗ ಎತ್ತಿ.

ನಿಮೇಸ್ಪಿಸ್ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನೆಲದ ಹಲ್ಲಿ ಎಂದು ಜನ ಕಳಿಸುವುದರಲ್ಲಿ ಹೆಚ್ಚಿನವು ಇವೇ. ತೇವದ ಬಂಡೆ, ದೊಡ್ಡ ಮರದ ಬುಡದ ಬೇರಿನ ಸಂದು, ತೋಟದ ಹಳೆಯ ಕಲ್ಲುಕಟ್ಟೆ, ಇವು ಅದರ ಜಾಗ. ಕೈಕಾಲು ಉದ್ದ, ಮೈ ಸಣ್ಣ, ಸೂಕ್ಷ್ಮ ಬಹಳ. ನೆರಳು ಬಿದ್ದರೆ ಸಂದಿಗೆ ಜಾರಿಬಿಡುತ್ತದೆ. ಕೆಲವು ಪ್ರಭೇದಗಳಿಗೆ ಪಕ್ಕೆಯ ಮೇಲೆ ಮುಳ್ಳಿನಂಥ ಗಂಟುಗಳಿರುತ್ತವೆ. ಘಟ್ಟದಲ್ಲಿ ಇವುಗಳ ಪಟ್ಟಿ ಬೆಳೆಯುತ್ತಲೇ ಇದೆ. ವಯನಾಡಿನದನ್ನು ಬೆಡೋಮ್ ಎಂಬ ಅರಣ್ಯಾಧಿಕಾರಿ 1870ರಲ್ಲೇ ವಿವರಿಸಿದ್ದ. ಉತ್ತರ ಕನ್ನಡದ ಗುಂದದ ಹೆಟೆರೊಫೊಲಿಸ್‌ಗೆ ಹೆಸರು ಬಂದಿದ್ದು 2002ರಲ್ಲಿ. ನಮ್ಮ ಬ್ರಹ್ಮಗಿರಿಯ ಆಚೆ ಮಗ್ಗುಲಿನ ಕೊಟ್ಟಿಯೂರಿನದಕ್ಕೆ 2014ರಲ್ಲಿ. ಆದ್ದರಿಂದ ನಿಮೇಸ್ಪಿಸ್ ಕಂಡರೆ ಫೋಟೋ ನೋಡಿ ಪ್ರಭೇದದ ಹೆಸರು ಹೇಳಿಬಿಡುವ ಧೈರ್ಯ ಮಾಡಬೇಡಿ. ಕುಲದ ಹೆಸರಿಗೆ ನಿಲ್ಲಿಸಿ.

ಮೈಯ ಮೇಲೆ ಏನೇನು ನೋಡಬೇಕು

ಬೆರಳಲ್ಲಿ ಮೆತ್ತೆ ಇಲ್ಲ, ಪಾಪೆ ಸೀಳು, ಸಿಕ್ಕಿದ್ದು ನೆಲದ ಮೇಲೆ, ರಾತ್ರಿ. ಈ ನಾಲ್ಕೂ ಕೂಡಿದರೆ ಈಗ ಬಣ್ಣಕ್ಕೆ ಬರಬಹುದು.

ಆಲ್ಬೊಫ್ಯಾಸಿಯೇಟಸ್‌ನ ಮೈ ಕೆಂಪು ಬೆರೆತ ಕಂದು. ಅಡ್ಡಕ್ಕೆ ಸಣ್ಣನೆಯ ಬಿಳಿ ಅಥವಾ ತಿಳಿಹಳದಿ ಪಟ್ಟೆಗಳು, ಪ್ರತಿ ಪಟ್ಟೆಯ ಅಂಚಿಗೆ ಕಪ್ಪು. ಮೊದಲನೆಯದು ಕುತ್ತಿಗೆಯ ಹಿಂಭಾಗದಲ್ಲಿ ಬಾಗಿ ಹೋಗುತ್ತದೆ. ಪಟ್ಟೆ ನೆಟ್ಟಗಿರಲೇಬೇಕು ಎಂದೇನಿಲ್ಲ, ನಡುವೆ ತುಂಡಾಗಿರಬಹುದು, ಎಡಬಲ ಕೂಡದೆ ಇರಬಹುದು. ಮರಿಗಳಲ್ಲಿ ಬಣ್ಣ ಎದ್ದು ಕಾಣುತ್ತದೆ, ದೊಡ್ಡದಾದ ಹಾಗೆ ಮಸುಕಾಗುತ್ತದೆ. ತಲೆ ಅಗಲ, ಬೆರಳು ಗಿಡ್ಡ, ಬಾಲ ಮೋಟು, ಬುಡದಲ್ಲಿ ದಪ್ಪ. ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗಿಸದೆ ಮೈ ಎತ್ತಿ, ಒಂದೊಂದೇ ಕಾಲು ಇಟ್ಟು ಹೋಗುತ್ತದೆ. ಗೋಡೆಯ ಹಲ್ಲಿಯ ಆ ಸರಕ್ಕನೆ ಓಟ ಇದಕ್ಕಿಲ್ಲ.

ಪಟ್ಟೆ ನೋಡಿ ಮರುಳಾಗಬೇಡಿ ಎಂದೆನಲ್ಲ, ಕಾರಣ ಹೇಳುತ್ತೇನೆ. ಘಟ್ಟದಲ್ಲಿ ಹೆಮಿಡ್ಯಾಕ್ಟೈಲಸ್ ಪ್ರಶಾದಿ ಎಂಬ ದೊಡ್ಡ ಹಲ್ಲಿ ಇದೆ. ಮಾಲ್ಕಂ ಸ್ಮಿತ್ 1935ರಲ್ಲಿ ಜೋಗದ ಕಡೆಯ ಮಾದರಿಯಿಂದ ವಿವರಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಬೈನಿ ಪ್ರಶಾದ್ ಅವರ ಹೆಸರಿಟ್ಟದ್ದು. ಅದರ ಮರಿಗೂ ಅಡ್ಡ ಪಟ್ಟೆ ಇರುತ್ತದೆ. ಮರಿ ಕೆಳಗೆ ಬಿದ್ದು ತರಗೆಲೆಯ ಮೇಲೆ ಕೂತಿದ್ದರೆ ಬೆನ್ನು ನೋಡಿದವರಿಗೆ ಎರಡೂ ಒಂದೇ. ಬೆರಳು ನೋಡಿದವರಿಗೆ ಗೊಂದಲವೇ ಇಲ್ಲ, ಮರಿಗೂ ಮೆತ್ತೆ ಇರುತ್ತದೆ. ಸಾಲದ್ದಕ್ಕೆ ಹಲ್ಲಿಗಳು ಹಗಲಿಗೊಂದು ಬಣ್ಣ, ರಾತ್ರಿಗೊಂದು ಬಣ್ಣ. ಗೋಡೆಯ ಹಲ್ಲಿ ರಾತ್ರಿ ಬೆಳ್ಳಗಾಗುವುದನ್ನು ಎಲ್ಲರೂ ನೋಡಿದ್ದೇವೆ.

ಬಾಲವನ್ನು ನಂಬುವ ಮೊದಲು ಅದು ಹುಟ್ಟಿದ್ದೋ ಮತ್ತೆ ಚಿಗುರಿದ್ದೋ ನೋಡಿ. ಹಳೆಯದನ್ನು ಉದುರಿಸಿದ ಮೇಲೆ ಬರುವ ಬಾಲದಲ್ಲಿ ಬೆನ್ನುಮೂಳೆ ಬೆಳೆಯುವುದಿಲ್ಲ, ಒಳಗೆ ಮೃದ್ವಸ್ಥಿಯ ಕೊಳವೆ ಇರುತ್ತದೆ. ಹೊರಗಡೆ ಪಟ್ಟೆಯೂ ಸರಿಯಾಗಿ ಬರುವುದಿಲ್ಲ, ಹುರುಪೆಯ ಸಾಲೂ ಬೇರೆ. ಬೆನ್ನ ಮೇಲೆ ಪಟ್ಟೆ ಇದ್ದು ಬಾಲ ಒಂದೇ ಬಣ್ಣದ್ದಾಗಿ, ಬುಡದಲ್ಲಿ ಗೆರೆ ಕೊರೆದ ಹಾಗೆ ವ್ಯತ್ಯಾಸ ಕಂಡರೆ ಅದು ಚಿಗುರಿದ ಬಾಲ. ಅಂಥದ್ದರ ಉದ್ದ ಅಳೆದು ಬರೆದಿಡುವುದು ದಂಡ.

ಇನ್ನೊಂದು ಗುರುತು ಮೈ ಮಗುಚಿದರೆ ಮಾತ್ರ ಕಾಣುವಂಥದ್ದು. ಗಂಡು ಹಲ್ಲಿಗಳ ತೊಡೆಯ ಅಡಿ, ಗುದದ್ವಾರದ ಮುಂದೆ, ಮೇಣದಂಥ ಪದಾರ್ಥ ಒಸರುವ ಸಣ್ಣ ರಂಧ್ರಗಳ ಸಾಲಿರುತ್ತದೆ. ಮನೆಹಲ್ಲಿ ಫ್ರೆನೇಟಸ್‌ನ ಗಂಡಿಗೆ ಈ ಸಾಲು ಒಂದು ತೊಡೆಯಿಂದ ಇನ್ನೊಂದು ತೊಡೆಯ ತನಕ ತುಂಡಾಗದೆ ಹೋಗುತ್ತದೆ. ನಿಮೇಸ್ಪಿಸ್ ಪ್ರಭೇದಗಳನ್ನು ಬೇರ್ಪಡಿಸುವಾಗಲೂ ತಜ್ಞರು ಮೊದಲು ಕೇಳುವುದು ರಂಧ್ರ ತೊಡೆಯಲ್ಲಿದೆಯೋ, ಗುದದ ಮುಂದಿದೆಯೋ, ಎರಡೂ ಕಡೆಯೋ, ಎಷ್ಟು ಎಂದು. ನಮ್ಮ ನೆಲದ ಹಲ್ಲಿಯ ಗುಂಪಿನಲ್ಲಿ ಗಂಡಿಗೂ ಈ ರಂಧ್ರಗಳಿಲ್ಲ. ಒಳ್ಳೆಯ ಗುರುತು, ಆದರೆ ನಮಗಲ್ಲ. ಹಿಡಿದರೆ ಬಾಲ ಉದುರಿಸುತ್ತದೆ, ಬಾಲದಲ್ಲೇ ಅದರ ಕೊಬ್ಬಿನ ಉಳಿತಾಯ. ಅನುಮತಿ ಪಡೆದ ಸಂಶೋಧಕರಿಗೆ ಆ ಕೆಲಸ ಬಿಡಿ. ಗಾಜಿನ ಮೇಲೆ ಕೂತ ಮನೆಹಲ್ಲಿಯಲ್ಲಿ ಬೇಕಾದರೆ ಆ ಸಾಲನ್ನು ಎಣಿಸಿ ಅಭ್ಯಾಸ ಮಾಡಿಕೊಳ್ಳಬಹುದು.

ವಂಶಾವಳಿ ಎಲ್ಲಿ ಕೂರುತ್ತದೆ

ಇದನ್ನು ಬೇಗ ಮುಗಿಸುತ್ತೇನೆ. ಸರೀಸೃಪ ವರ್ಗ, ಹಲ್ಲಿ-ಹಾವುಗಳೆರಡೂ ಇರುವ ಸ್ಕ್ವಮೇಟಾ ಗಣ, ಅದರೊಳಗೆ ಗೆಕ್ಕೋಟಾ ಎಂಬ ಹಲ್ಲಿಗಳ ಪಂಗಡ. ಗೆಕ್ಕೋಟಾದಲ್ಲಿ ಏಳು ಕುಟುಂಬಗಳು, ಅದರಲ್ಲಿ ಒಂದಕ್ಕೆ ಕೈಕಾಲೇ ಇಲ್ಲದಂತಾಗಿದೆ, ಅದು ಆಸ್ಟ್ರೇಲಿಯಾ ಕಡೆಯದು. ನಮ್ಮ ತೋಟದ್ದೆಲ್ಲ ಗೆಕ್ಕೋನಿಡೇ ಕುಟುಂಬ. ಸಿರ್ಟೊಡ್ಯಾಕ್ಟೈಲಸ್ ಕುಲ ದೊಡ್ಡ ಸಂಸಾರ, ಭಾರತದಿಂದ ಸಾಲೊಮನ್ ದ್ವೀಪಗಳ ತನಕ 300ಕ್ಕೂ ಹೆಚ್ಚು ಪ್ರಭೇದ. ಅದರಲ್ಲಿ ಪರ್ಯಾಯದ್ವೀಪ ಭಾರತ, ಶ್ರೀಲಂಕಾಗಳಲ್ಲಿ ನೆಲ ಹಿಡಿದು ಬದುಕುವ ಒಂದು ಸಣ್ಣ ಶಾಖೆಗೆ ಗೆಕ್ಕೊಯೆಲ್ಲ ಎಂದು ಹೆಸರು. ಬೌಲೆಂಜರ್ ಕೊಟ್ಟ ಮೊದಲ ಹೆಸರಿನಲ್ಲಿ ಕುಲ ಜಿಮ್ನೊಡ್ಯಾಕ್ಟೈಲಸ್ ಎಂದಿತ್ತು. ಆಮೇಲೆ ಗೆಕ್ಕೊಯೆಲ್ಲವೇ ಸ್ವತಂತ್ರ ಕುಲವಾಯಿತು. 2012ರಲ್ಲಿ ಡಿಎನ್ಎ ಆಧಾರದ ವಂಶವೃಕ್ಷ ಬಂದಾಗ ಅದು ಸಿರ್ಟೊಡ್ಯಾಕ್ಟೈಲಸ್‌ನ ಒಳಗೇ ಕವಲಾಗಿ ಕೂತಿರುವುದು ಕಂಡು ಉಪಕುಲವಾಗಿ ಒಳಸೇರಿತು. ಹಾಗಾಗಿ ಹಳೆಯ ಪುಸ್ತಕದಲ್ಲಿ ಗೆಕ್ಕೊಯೆಲ್ಲ ಆಲ್ಬೊಫ್ಯಾಸಿಯೇಟ ಎಂದು ಕಂಡರೆ ಗಾಬರಿ ಬೇಡ, ಪ್ರಾಣಿ ಒಂದೇ.

ನೆಂಟರಿಷ್ಟರನ್ನು ತಿಳಿದಿದ್ದರೆ ಒಳ್ಳೆಯದು. ಉತ್ತರದಲ್ಲಿ ಮಹಾರಾಷ್ಟ್ರದ ಘಟ್ಟದ ಡೆಕ್ಕನೆನ್ಸಿಸ್ ಇದೆ, ಅದಕ್ಕೂ ಪಟ್ಟೆಯೇ. ನಮ್ಮ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದಿಂದ ಬೆಡೋಮ್ 1870ರಲ್ಲಿ ವಿವರಿಸಿದ ಕೊಳ್ಳೇಗಾಲೆನ್ಸಿಸ್ ಇದೆ, ಅದಕ್ಕೆ ಅಡ್ಡಪಟ್ಟೆ ಅಲ್ಲ, ಕಪ್ಪು ಚುಕ್ಕೆ ಮಚ್ಚೆ.

ಹುಡುಕುವ ಹೊತ್ತು, ಹುಡುಕುವ ಜಾಗ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಹೋಗಬೇಡಿ, ಏನೂ ಕಾಣುವುದಿಲ್ಲ, ಇಂಬಳಕ್ಕೆ ಊಟವಾಗುತ್ತೀರಿ ಅಷ್ಟೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ನೆಲ ನೆನೆದ ಮೇಲಿನ ರಾತ್ರಿಗಳು, ಮುಂಗಾರಿಗೆ ಮುಂಚಿನ ಗುಡುಗು ಮಳೆಯ ವಾರಗಳು, ಮತ್ತೆ ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವ ಕಳೆದು ಮಳೆ ಬಿಡುವು ಕೊಟ್ಟ ದಿನಗಳು, ಇವು ನನಗೆ ಕೂಡಿ ಬಂದ ಹೊತ್ತು. ಕತ್ತಲಾದ ಮೇಲಿನ ಮೊದಲ ಎರಡು ಗಂಟೆ.

ಜಾಗದ ಮಾತು ಇನ್ನೂ ಮುಖ್ಯ. ಕಳೆ ಬಳಿದು ಬೋಳಾದ ಕಾಫಿ ಸಾಲಿನ ನಡುವೆ ಇದು ಸಿಗುವುದಿಲ್ಲ. ತೋಟದ ಅಂಚು ದೇವರಕಾಡಿಗೆ ಸೇರುವ ಕಡೆ, ಹೊಳೆಯ ದಂಡೆಯ ಕಾಡುಪಟ್ಟಿ, ವರ್ಷಗಳಿಂದ ಯಾರೂ ಗುಡಿಸದ ತರಗೆಲೆ, ಅರ್ಧ ಕೊಳೆತ ದಿಮ್ಮಿ, ಹಳೆಯ ಕಡಂಗದ, ಅಂದರೆ ಹಿಂದಿನ ಕಾಲದ ಕಂದಕದ, ಒಳಮೈ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅವುಗಳಲ್ಲಿ ಎಷ್ಟೋ ಒಂದೆರಡು ಎಕರೆಯವು. ದೇವರಕಾಡಿನೊಳಗೆ ಹೋಗುವುದಿದ್ದರೆ ಆ ಊರಿನವರನ್ನು ಕೇಳಿ, ಅವರ ಕಟ್ಟುಪಾಡಿನಂತೆ ನಡೆಯಿರಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಕಡೆ ರಾತ್ರಿ ಹುಡುಕಾಟವೇ ಬೇಡ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಹೋಮ್‌ಸ್ಟೇ ಗಿರಾಕಿಗಳಿಗೆ ಹಲ್ಲಿ ತೋರಿಸುತ್ತೇನೆಂದು ಕರೆದೊಯ್ಯುವವರಿಗೂ ಇದೇ ಮಾತು.

ಆನೆ ಎಲ್ಲಿದೆ ಎಂದು ತಿಳಿಯದೆ ಇಳಿಯಬೇಡಿ. ಅರಣ್ಯ ಇಲಾಖೆಯ ಆರ್‌ಆರ್‌ಟಿ (ಆನೆ ಓಡಿಸುವ ತುರ್ತು ತಂಡ) ಮೆಸೇಜ್ ನೋಡಿ, ವಾಚರನ್ನು ಕೇಳಿ, ಜೊತೆಗೊಬ್ಬರಿಲ್ಲದೆ ಹೋಗಬೇಡಿ. ಗಂಬೂಟು ಕಡ್ಡಾಯ. ಎಲೆ ತಿರುವಲು ಕೈ ಹಾಕಬೇಡಿ, ಕೊಕ್ಕೆ ಬಗ್ಗಿದ ಕೋಲು ಇಟ್ಟುಕೊಳ್ಳಿ. ಅದೇ ತರಗೆಲೆಯಲ್ಲಿ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ವಿಷದ ಹಾವು ಸುತ್ತಿಕೊಂಡು ಕೂತಿರುತ್ತದೆ, ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾಡಿದ್ದು, ಇದಕ್ಕಲ್ಲ. ಹಲ್ಲಿಯ ಬಗ್ಗೆ ಭಯ ಬೇಡ, ಭಾರತದ ಯಾವ ಹಲ್ಲಿಗೂ ವಿಷವಿಲ್ಲ, ಪಂಚಾಂಗದ ಹಲ್ಲಿ ಶಕುನ ಏನೇ ಹೇಳಲಿ.

ದಿಮ್ಮಿ ಮಗುಚಿದರೆ ಇದ್ದ ಹಾಗೇ ಮರಳಿ ಇಡಿ. ಅಡಿಯ ತಂಪು ಒಂದು ಸಲ ಒಣಗಿತೆಂದರೆ ಅಲ್ಲಿದ್ದವೆಲ್ಲ ಬಿಟ್ಟು ಹೋಗುತ್ತವೆ. ಜೋಡಿ ಮೊಟ್ಟೆ, ಬಿಳಿ, ಗಟ್ಟಿ ಚಿಪ್ಪಿನದು ಕಂಡರೆ ಮುಟ್ಟಬೇಡಿ, ತಿರುಗಿಸಬೇಡಿ.

ಫೋಟೋ ಮತ್ತು ಬರವಣಿಗೆ

ಮೊದಲ ಫೋಟೋ ದೂರದಿಂದ, ಹಲ್ಲಿ ಕೂತ ಜಾಗ ಸಮೇತ. ಓಡಿ ಹೋದರೂ ಒಂದು ದಾಖಲೆ ಉಳಿಯುತ್ತದೆ. ಆಮೇಲೆ ಪಕ್ಕದಿಂದ, ನೆಲಮಟ್ಟಕ್ಕೆ ಫೋನ್ ಇಳಿಸಿ. ಮುಂಗಾಲಿನ ಬೆರಳು ಮತ್ತು ಕಣ್ಣು ಒಂದೇ ಚೌಕಟ್ಟಿನಲ್ಲಿ ಸಿಗುವುದು ಆ ಕೋನದಲ್ಲಿ ಮಾತ್ರ. ಬೆನ್ನಿನದು ಕೊನೆಗೆ. ಹೆಡ್‌ಲೈಟಿನ ಹಳದಿ ಬೆಳಕಿನಲ್ಲಿ ಕೆಂಪುಕಂದು ಯಾವುದು, ಬೂದು ಯಾವುದು ಗೊತ್ತಾಗದು, ಬಿಳಿ ಎಲ್ಇಡಿ ಇಟ್ಟುಕೊಳ್ಳಿ.

ಅಳತೆಗೆ ನಾನು ಮಾಡುವ ಉಪಾಯ ಸರಳ. ಹಲ್ಲಿ ಎಲೆಯ ಮೇಲೆ ಕೂತಿರುವಾಗ ಒಂದು ಫೋಟೋ. ಅದು ಹೋದ ಮೇಲೆ ಅದೇ ಎಲೆಯ ಪಕ್ಕ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಅದೇ ಎತ್ತರದಿಂದ ಇನ್ನೊಂದು. ಎಲೆಯ ನರಗಳನ್ನು ಗುರುತಾಗಿಟ್ಟುಕೊಂಡು ಎರಡನ್ನೂ ಹೋಲಿಸಿದರೆ ಮೂತಿಯಿಂದ ಗುದದ್ವಾರದವರೆಗಿನ ಉದ್ದ ಹೆಚ್ಚುಕಡಿಮೆ ಸಿಗುತ್ತದೆ. ತಜ್ಞರು ಕೇಳುವುದು ಆ ಉದ್ದವನ್ನೇ, ಬಾಲ ಸೇರಿಸಿ ಅಲ್ಲ. ಹಲ್ಲಿಯನ್ನು ಮುಟ್ಟಿದ್ದೂ ಆಗಲಿಲ್ಲ.

ಹಾಜರಿ ಪುಸ್ತಕದ ಹಿಂದಿನ ಪುಟ ಸಾಕು, ಬೇರೆ ಡೈರಿ ಬೇಡ. ತಾರೀಕು, ಹೊತ್ತು, ಮಳೆ ಬಿದ್ದು ಎಷ್ಟು ಹೊತ್ತಾಯಿತು, ನೆಲದ ಮೇಲೋ ಎಷ್ಟು ಎತ್ತರದಲ್ಲೋ, ಕೂತದ್ದು ಎಲೆಯ ಮೇಲೋ ಕಲ್ಲಿನ ಮೇಲೋ, ಸುತ್ತ ಕಾಡು ಮರವೋ ಸಿಲ್ವರ್ ಓಕೋ. ಎತ್ತರದ ವಿಚಾರ ಬಿಡಬೇಡಿ. ಗುರುತಿನಲ್ಲಿ ಅನುಮಾನ ಬಂದಾಗ ಬೆರಳಿನ ನಂತರ ನಾನು ನೋಡುವುದು ಅದನ್ನೇ.

ಜೀವಿಗಳ ಫೋಟೋ ದಾಖಲಿಸುವ ವೆಬ್‌ಸೈಟುಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ತಿಳಿದವರು ನೋಡುತ್ತಾರೆ. ಹಾಕುವಾಗ ಜಾಗವನ್ನು ಮರೆಮಾಡುವ ಆಯ್ಕೆ ಒತ್ತಿ. ಅಪರೂಪದ ಹಲ್ಲಿಗಳನ್ನು ಹಿಡಿದು ಮಾರುವ ದಂಧೆ ಇದೆ. ಟೋಕೆ ಹಲ್ಲಿಯನ್ನು 2019ರಲ್ಲಿ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಗಿ ಬಂದದ್ದು ಅದಕ್ಕೇ. ಫೇಸ್‌ಬುಕ್ಕಿನಲ್ಲಿ ತೋಟದ ಹೆಸರು, ತಿರುವು, ಮರ ಎಲ್ಲ ಬರೆದು ಹಾಕುವ ಉಮೇದು ತಡೆದುಕೊಳ್ಳಿ. ಫೋನಿನ ಲೊಕೇಶನ್ ಫೋಟೋದೊಳಗೇ ಕೂತಿರುತ್ತದೆ, ಗ್ರೂಪಿಗೆ ಕಳಿಸುವ ಮೊದಲು ಅದನ್ನೂ ತೆಗೆಯಿರಿ.

ಹೆಸರು ಬರೆಯುವಾಗ ಕಂಡಷ್ಟನ್ನೇ ಬರೆಯಿರಿ. ಬೆರಳು ಕಂಡು ಪಾಪೆ ಕಾಣದಿದ್ದರೆ "ಮೆತ್ತೆಯಿಲ್ಲದ ಹಲ್ಲಿ". ಮೆತ್ತೆಯಿಲ್ಲದ ಬೆರಳು, ಸೀಳು ಪಾಪೆ ಎರಡೂ ಕಂಡರೆ ಸಿರ್ಟೊಡ್ಯಾಕ್ಟೈಲಸ್. ಪಟ್ಟೆಯೂ ಸ್ಪಷ್ಟವಾಗಿ, ಹುಟ್ಟಿದ ಬಾಲವೂ ಇದ್ದರೆ ಆಲ್ಬೊಫ್ಯಾಸಿಯೇಟಸ್ ಇರಬಹುದು ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿ. ಅದನ್ನು ಅಳಿಸುವುದೋ ಇಡುವುದೋ ನೋಡಿದವರು ಹೇಳುತ್ತಾರೆ.